ಆ ಹಳದಿ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟಿದ್ದು ಯಾರಪ್ಪ ಹಾಗಾದರೆ?

"ಇದು ನಡೆಯಲ್ಲ ಸಾರ್" ಅಂದ ನಮ್ಮ ಬೀದಿ ಹೋಟೆಲಿನ ಕ್ಯಾಶಿಯರ್. ಅವರ ಗಲ್ಲಾದಿಂದಲೇ ಬಂದ ಬಿಲ್ಲೆ! ಒಂದು ಕಡೆ 5, ಇನ್ನೊಂದು ಕಡೆ ಅವರದೇ ಹೋಟೆಲ್ ಹೆಸರು. ಚಿಲ್ಲರೆ ಇಲ್ಲ ಅಂತ ಅವತ್ತು ಕೈಗೆ ತುರುಕಿದ್ದು ಇವರೇ. ಈಗ "ಅದು ಹಳೇ ಓನರ್ ಕಾಲದ್ದು" ಅಂತೆ. ಓನರ್ ಬದಲಾದರೆ ಬೋರ್ಡ್ ಯಾಕೆ ಬದಲಾಗಿಲ್ಲ?

ಬಿಲ್ಲೆಯನ್ನು ಗಾಜಿನ ಮೇಲೆ ಇಟ್ಟೆ. ಒಂದೇ ಬೆರಳಲ್ಲಿ ವಾಪಸ್ ತಳ್ಳಿದ. ನಾನೂ ತಳ್ಳಿದೆ. ಅವನು ನನ್ನ ಮುಖ ಕೂಡ ನೋಡದೆ ಹಿಂದಿನವರಿಗೆ "ಹೇಳಿ ಮೇಡಂ" ಅಂದ. ಅಷ್ಟರಲ್ಲಿ ಯಾವನೋ ಕಾಲೇಜು ಹುಡುಗ "ಅಂಕಲ್, ಐದು ರೂಪಾಯಿ ತಾನೆ, ನಾನು ಹಾಕ್ತೀನಿ ಬಿಡಿ" ಅಂತ ಸ್ಕ್ಯಾನ್ ಮಾಡಿಬಿಟ್ಟ. ಐದು ರೂಪಾಯಿ ಬಂತು ಅಂತ ಆ ಡಬ್ಬ ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿತು. ಎಲ್ಲರೂ ತಿರುಗಿ ನೋಡಿದರು. ಯಾರನ್ನ? ನನ್ನನ್ನ!

ಹೋಗಲಿ, ಐದು ರೂಪಾಯಿ. ಬಿಟ್ಟೆ.

ಇಲ್ಲ, ಬಿಡಲ್ಲ. ಅಮೆರಿಕದ ಅಂತರ್ಯುದ್ಧದಲ್ಲೂ ಇದೇ ಆಗಿತ್ತು. 1862ರಲ್ಲಿ ಜನ ಚಿನ್ನ, ಬೆಳ್ಳಿ, ಕೊನೆಗೆ ಸೆಂಟ್ ನಾಣ್ಯವನ್ನೂ ಬಚ್ಚಿಟ್ಟರು. ಅಂಗಡಿಯವರು ತಾವೇ ತಾಮ್ರದ ಬಿಲ್ಲೆ ಹೊಡೆಸಿದರು. ನ್ಯೂಯಾರ್ಕಿನ ಲಿಂಡೆನ್‌ಮುಲ್ಲರ್ ಅನ್ನೋ ಬಾರ್ ಮಾಲೀಕ ಹತ್ತು ಲಕ್ಷಕ್ಕೂ ಜಾಸ್ತಿ ಹಂಚಿದ ಅಂತಾರೆ. ಟ್ರಾಮ್ ಕಂಪನಿಯವರು ಟಿಕೆಟ್ ದುಡ್ಡಾಗಿ ಬಂದ ಬಿಲ್ಲೆಗಳನ್ನು ತಂದು "ದುಡ್ಡು ಕೊಡಪ್ಪ" ಅಂದರೆ ಕೊಡಲ್ಲ ಅಂದುಬಿಟ್ಟ. 1864ರಲ್ಲಿ ಕಾನೂನು ಮಾಡಿ ಅಂಥ ಬಿಲ್ಲೆಗಳನ್ನೇ ನಿಲ್ಲಿಸಿದರು. ನಮ್ಮಲ್ಲೂ 1943ರಲ್ಲಿ ಲೋಹ ಉಳಿಸೋಕೆ ಕಾಸಿನ ನಡುವೆ ತೂತು ಮಾಡಿದರು. ತೂತು ಕಾಸಾದರೂ ಅಂಗಡಿಯಲ್ಲಿ ನಡೀತಿತ್ತು! ಅವರಿಗೆ ಯುದ್ಧ ಇತ್ತು ಸ್ವಾಮಿ. ಈ ಹೋಟೆಲಿನಲ್ಲಿ ಯಾವ ಯುದ್ಧ ನಡೀತಿದೆ?

ಇದನ್ನೆಲ್ಲ ಕೌಂಟರಲ್ಲೇ ಶುರು ಮಾಡಿದ್ದೆ, ನನ್ನ ಬುದ್ಧಿ ನೋಡಿ. ಲಿಂಡೆನ್‌ಮುಲ್ಲರ್ ಅಂದ ಕೂಡಲೇ ಸಪ್ಲೈಯರ್ ಕೇಳಿದ: "ಯಾರು ಸಾರ್, ನಮ್ಮ ಹಳೇ ಓನರ್ರಾ?" ನಾಣ್ಯ ಸಂಗ್ರಹದ ಹುಚ್ಚಿಗೆ ಸಿಕ್ಕ ಮರ್ಯಾದೆ ಇಷ್ಟು.

ಕಾನೂನು ಗೊತ್ತಿರೋರು ಯಾರಾದರೂ ಉತ್ತರ ಕೊಡಿ. ಲೋಹದ ತುಂಡನ್ನು ದುಡ್ಡಿನ ಹಾಗೆ ಚಲಾಯಿಸಬಾರದು ಅಂತ 2011ರ ನಾಣ್ಯ ಕಾಯ್ದೆಯಲ್ಲಿದೆ. ಇದು ಪ್ಲಾಸ್ಟಿಕ್. ಹಾಗಾದರೆ ಪ್ಲಾಸ್ಟಿಕ್ ಆದರೆ ಸರೀನಾ? ಕೊಟ್ಟವನೇ ತಗೊಳ್ಳಲ್ಲ ಅಂದರೆ ಯಾರ ಹತ್ತಿರ ಹೋಗಬೇಕು? ಐದು ರೂಪಾಯಿಗೆ ಗ್ರಾಹಕರ ಕೋರ್ಟಿಗೆ ಹೋದರೆ ಮನೆಯವರೇ ನಗ್ತಾರೆ.

ಇನ್ನು ಆ ಹೋಟೆಲಿನ ಮೆಟ್ಟಿಲು ಹತ್ತಲ್ಲ. ಆದರೆ ನಮ್ಮ ಬೀದಿಯಲ್ಲಿ ಬೇರೆ ಎಲ್ಲೂ ಕಾಫಿ ಕುಡಿಯೋ ಹಾಗಿಲ್ಲ, ಅದೊಂದೇ ತೊಂದರೆ.