ಇಂಜೆಕ್ಷನ್‌ಗೆ ಮುಂಚೆ ಒಂದು ತೊಟ್ಟು ರಕ್ತ ನೋಡಿ

ಹಸುವಿಗೆ ಜ್ವರ, ಮೇವು ಬಿಟ್ಟಿದೆ, ಕೆಚ್ಚಲ ಸುತ್ತ ಉಣ್ಣೆ ಇದೆ ಅಂದ ಕೂಡಲೇ ನಮ್ಮ ಕೊಡಗಿನಲ್ಲಿ ಎಲ್ಲರೂ ಉಣ್ಣೆ ಜ್ವರ, ಒಂದು ಇಂಜೆಕ್ಷನ್ ಹಾಕಿಸಿ ಅನ್ನುತ್ತಾರೆ. ಆದರೆ ಯಾವ ಇಂಜೆಕ್ಷನ್? ಉಣ್ಣೆಯಿಂದ ದನಗಳಿಗೆ ಬರುವ ಜ್ವರ ಒಂದೇ ಅಲ್ಲ, ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ರೋಗಾಣುಗಳು ಬೇರೆ ಬೇರೆ. ಬೆಬೇಸಿಯಾ ಆದರೆ ಡಿಮಿನಾಜಿನ್ ಬೇಕು, ಥೈಲೇರಿಯಾ ಆದರೆ ಬುಪಾರ್ವಾಕ್ವೋನ್, ಅನಾಪ್ಲಾಸ್ಮಾ ಆದರೆ ಆಕ್ಸಿಟೆಟ್ರಾಸೈಕ್ಲಿನ್. ಒಂದರ ಔಷಧಿ ಇನ್ನೊಂದಕ್ಕೆ ಕೊಟ್ಟರೆ ದುಡ್ಡೂ ಹೋಯಿತು, ಎರಡು ದಿನವೂ ಹೋಯಿತು. ಜರ್ಸಿ, ಎಚ್‌ಎಫ್ ಕ್ರಾಸ್ ಹಸುಗಳಿಗೆ ಆ ಎರಡು ದಿನವೇ ಜಾಸ್ತಿ. ನಾಟಿ ದನಗಳಷ್ಟು ಅವು ತಡೆದುಕೊಳ್ಳುವುದಿಲ್ಲ.

ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೇಸಿಯಾ ಇರಬಹುದು, ಭುಜದ ಮುಂದೆ ಗಡ್ಡೆ ಊದಿದರೆ ಥೈಲೇರಿಯಾ ಇರಬಹುದು. ಮೊದಲ ದಿನ ಇದ್ಯಾವುದೂ ಕಾಣುವುದಿಲ್ಲ, ಬರೀ ಜ್ವರ. ಅದಕ್ಕೇ ಕಿವಿ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇದೇನು ಹೊಸ ವಿದ್ಯೆಯಲ್ಲ. ಬೆಬೇಸಿಯಾದಿಂದ ದನಗಳಿಗೆ ಬರುವ ಟೆಕ್ಸಾಸ್ ಜ್ವರ ಉಣ್ಣೆಯಿಂದ ಹರಡುತ್ತದೆ ಎಂದು ಅಮೆರಿಕದ ವಿಜ್ಞಾನಿಗಳಾದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿದ್ದು 1893ರಲ್ಲಿ, ಸೊಳ್ಳೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಕಂಡ 1897ಕ್ಕೂ ಮುಂಚೆ!

ನಾವು ಉಣ್ಣೆಗೆ ಔಷಧಿ ಹೊಡೆಯುವ ರೀತಿಯೂ ಹಾಗೇ, ಅಂದಾಜಿನ ಮೇಲೆ. ದನಗಳ ಮೇಲಿನ ಸಾಮಾನ್ಯ ಉಣ್ಣೆ ಸುಮಾರು ಮೂರು ವಾರ ಅದೇ ಹಸುವಿನ ಮೇಲಿದ್ದು, ರಕ್ತ ಕುಡಿದು ಉದುರಿ, ಹುಲ್ಲಿನಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಬೆಬೇಸಿಯಾ ಆ ಮೊಟ್ಟೆಯ ಮೂಲಕವೇ ಮರಿಗಳಿಗೆ ದಾಟುತ್ತದೆ. ವರ್ಷಗಟ್ಟಲೆ ಅದೇ ಸೈಪರ್ಮೆಥ್ರಿನ್ ಅನ್ನು ನೀರು ಜಾಸ್ತಿ ಹಾಕಿ ಹೊಡೆದರೆ ಉಳಿಯುವುದು ಆ ಔಷಧಿಗೆ ಬಗ್ಗದ ಉಣ್ಣೆಗಳೇ. ಭಾರತದ ಹಲವು ಕಡೆ ಇಂಥ ಉಣ್ಣೆಗಳನ್ನು ಸಂಶೋಧಕರು ಗುರುತಿಸಿದ್ದಾರೆ. ನಮ್ಮ ತೋಟಗಳಲ್ಲಿ ಯಾವ ಔಷಧಿ ಇನ್ನೂ ಕೆಲಸ ಮಾಡುತ್ತದೆ? ಇಲ್ಲಿಯ ಉಣ್ಣೆ ಹಿಡಿದು ಪರೀಕ್ಷೆ ಮಾಡಿದರೆ ತಾನೇ ಗೊತ್ತಾಗುವುದು. ಮಳೆ, ನೆರಳು, ಗದ್ದೆ, ಪಕ್ಕದಲ್ಲೇ ಕಾಡು ಇರುವ ಕಡೆ ಬಯಲುಸೀಮೆಯ ಲೆಕ್ಕ ಸಾಕಾಗುವುದಿಲ್ಲ.

ನಾಯಿಗಳದ್ದೂ ಇದೇ ಕಥೆ. ತೋಟದ ನಾಯಿ ಒಸಡು ಬಿಳಿಚಿ ಬಿದ್ದರೆ ಡಿಮಿನಾಜಿನ್ ಕೊಡುತ್ತಾರೆ. ನಾಯಿಗಳಿಗೆ ಬರುವ ಬೆಬೇಸಿಯಾದ ಒಂದು ಜಾತಿ ಬೆಬೇಸಿಯಾ ಗಿಬ್ಸೋನಿ ಆಗಿದ್ದರೆ ಅದೊಂದರಿಂದ ಪೂರ್ತಿ ಹೋಗುವುದು ಕಷ್ಟ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ.

ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಉಣ್ಣೆಯೂ ದೊಡ್ಡದಾದ ಮೇಲೆ ರಕ್ತ ಕುಡಿಯುವುದು ಹೆಚ್ಚಾಗಿ ದನಗಳದ್ದೇ. ಹಾಗಾಗಿ ದನದ ಉಣ್ಣೆಯ ಸಂಶೋಧನೆ ಬರೀ ದನದ ಸಂಶೋಧನೆ ಅಲ್ಲ, ಅಲ್ವಾ?

ತಾಲೂಕಿಗೊಂದು ಕಡೆಯಾದರೂ ಅದೇ ದಿನ ರಕ್ತ ನೋಡಿ ಹೇಳುವ ವ್ಯವಸ್ಥೆ ಬೇಕು. ಪಂಚಾಯಿತಿ ಸಭೆಯಲ್ಲಿ, ಹಾಲಿನ ಸೊಸೈಟಿಯಲ್ಲಿ ಇದನ್ನು ಕೇಳಿ. ಡಾಕ್ಟರ್ ಮನೆಗೆ ಬಂದಾಗಲೂ ಔಷಧಿ ಕೊಡುವ ಮುಂಚೆಯೇ ರಕ್ತ ತೆಗೆಯಲು ಹೇಳಿ, ಕೊಟ್ಟ ಮೇಲೆ ರೋಗಾಣು ಕಾಣುವುದು ಕಷ್ಟ. ಸೂಜಿಯನ್ನೂ ಒಂದು ಹಸುವಿನಿಂದ ಇನ್ನೊಂದಕ್ಕೆ ಬಳಸಲು ಬಿಡಬೇಡಿ, ಅನಾಪ್ಲಾಸ್ಮಾ ಅದರಿಂದಲೂ ಹರಡುತ್ತದೆ.