ಬೇಳೆ-ಕಾಳು ತಿನ್ನಿ, ಆದರೆ ಹೊಟ್ಟೆ ತುಂಬಾ ತಿನ್ನಿ

ಬೇಳೆ, ಕಾಳು, ಸೊಪ್ಪು, ತರಕಾರಿ, ಹಣ್ಣು, ಪಾಲಿಶ್ ಮಾಡದ ಧಾನ್ಯ, ಒಂದಿಷ್ಟು ಬೀಜ. ಇದನ್ನೇ ದಿನದ ಊಟ ಮಾಡಿಕೊಂಡವರು ಈಗ ಜಾಸ್ತಿ ಆಗುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬಳು. ಈ ಊಟ ನನಗೆ ಒಗ್ಗಿದೆ, ರುಚಿಸಿದೆ, ಬಿಡುವ ಯೋಚನೆಯೇ ಇಲ್ಲ. ಆದರೆ ಈ ದಾರಿಗೆ ಬಂದ ಎಷ್ಟೋ ಜನರನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ತಟ್ಟೆಯಲ್ಲಿರುವುದು ಬದಲಾಗಿದೆ. ತಟ್ಟೆ ಮುಂದೆ ಕೂತಾಗಿನ ಭಯ ಹಾಗೇ ಇದೆ. ಮೊದಲು ಕ್ಯಾಲೊರಿ ಲೆಕ್ಕ ಹಾಕುತ್ತಿದ್ದವರು ಈಗ ಬಾದಾಮಿ ಲೆಕ್ಕ ಹಾಕುತ್ತಿದ್ದಾರೆ. ಇದನ್ನು ಒಮ್ಮೆ ಬಿಡಿಸಿ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಬಾದಾಮಿ ಅಂದೆ, ಅಲ್ವಾ? ಅದು ಕಣ್ಣಾರೆ ಕಂಡದ್ದು. ನನ್ನ ಗೆಳತಿಯೊಬ್ಬಳು ಡಬ್ಬದ ಮುಚ್ಚಳ ತೆಗೆದು, ಒಂದೊಂದೇ ಬಾದಾಮಿ ಎಣಿಸಿ ಅಂಗೈಗೆ ಹಾಕಿಕೊಂಡಳು. ಆಮೇಲೆ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಎರಡನ್ನು ವಾಪಸ್ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿ ಮಾಡಿದಳು. ಬೆಳಿಗ್ಗೆಯಿಂದ ಒಂದು ಬಟ್ಟಲು ಹಣ್ಣು ಬಿಟ್ಟರೆ ಏನೂ ತಿಂದಿರಲಿಲ್ಲ. "ಹಸಿವಾಗ್ತಿಲ್ವೇನೇ?" ಅಂದೆ. "ಆಗ್ತಿದೆ, ಆದ್ರೆ ಬೀಜದಲ್ಲಿ ಕೊಬ್ಬು ಜಾಸ್ತಿ ಕಣೇ" ಅಂದಳು. ಹಸಿವಾಗಿದೆ ಅಂತ ಗೊತ್ತಿದೆ, ತಿನ್ನುವುದು ಕೈಯಲ್ಲೇ ಇದೆ, ಆದರೂ ತಿನ್ನಲು ಅಪ್ಪಣೆ ಬೇಕು. ಆ ಅಪ್ಪಣೆ ಕೊಡುವ ಅಧಿಕಾರ ಎಲ್ಲೋ ಓದಿದ ಒಂದು ನಿಯಮಕ್ಕೆ ಹೋಗಿಬಿಟ್ಟಿದೆ. ಡಯಟ್ ಮನಸ್ಥಿತಿ ಅಂತ ನಾನು ಹೇಳುವುದು ಇದಕ್ಕೇ.

ಈ ಮನಸ್ಥಿತಿ ಯಾವ ಊಟದ ಜೊತೆ ಸೇರಿದರೂ ಕಷ್ಟವೇ. ಆದರೆ ನಮ್ಮ ಊಟದ ಜೊತೆ ಸೇರಿದರೆ ಇನ್ನೂ ಕಷ್ಟ. ಯಾಕೆ ಅಂತ ಹೇಳುತ್ತೇನೆ. 100 ಗ್ರಾಂ ಸೊಪ್ಪಿನಲ್ಲಿ ಸಾಮಾನ್ಯವಾಗಿ ಇರುವುದು 20-50 ಕ್ಯಾಲೊರಿ. ಬೇಯಿಸಿದ ಆಲೂಗಡ್ಡೆಯಲ್ಲಿ 90ರ ಆಸುಪಾಸು. ಬೇಯಿಸಿದ ಬೇಳೆಯಲ್ಲಿ ಸುಮಾರು 115. ಅದೇ 100 ಗ್ರಾಂ ಬಿಸ್ಕತ್ತಿನಲ್ಲಿ 450ಕ್ಕಿಂತ ಜಾಸ್ತಿ. ನಮ್ಮದು ನೀರು, ನಾರು ತುಂಬಿಕೊಂಡಿರುವ ಊಟ. ಹಾಗಾಗಿ ಮೈಗೆ ಬೇಕಾದಷ್ಟು ಶಕ್ತಿ ಸಿಗಬೇಕಾದರೆ ತಟ್ಟೆ ದೊಡ್ಡದಾಗಲೇಬೇಕು. ಬಡಿಸಿಕೊಳ್ಳುವುದು ಜಾಸ್ತಿ ಆಗಲೇಬೇಕು.

ಆದರೆ ಡಯಟ್ ಕಲಿಸಿದ್ದೇ ಬೇರೆ. ಸಣ್ಣ ತಟ್ಟೆ ತಗೊಳ್ಳಿ, ಅರ್ಧ ಹೊಟ್ಟೆಗೆ ಏಳಿ, ಎರಡನೇ ಸಲ ಬಡಿಸಿಕೊಳ್ಳಬೇಡಿ, ಸಂಜೆ ಆದಮೇಲೆ ಬಾಯಿ ಮುಚ್ಚಿ. ಈ ಪಾಠಗಳನ್ನು ಹಾಗೇ ಹೊತ್ತುಕೊಂಡು ಬಂದು ಸೊಪ್ಪು-ತರಕಾರಿ ಊಟಕ್ಕೆ ಅಂಟಿಸಿದರೆ ಏನಾಗುತ್ತದೆ ನೋಡಿ. ಮಧ್ಯಾಹ್ನ ಒಂದು ಬಟ್ಟಲು ಸೌತೆಕಾಯಿ, ಎಲೆ, ಟೊಮೆಟೊ, ಮೇಲೆ ಎರಡು ಚಮಚ ಕಾಳು. ನೋಡಲು ಚೆಂದ. ತಿಂದಾಗ ಹೊಟ್ಟೆ ತುಂಬಿದ ಹಾಗೂ ಅನ್ನಿಸುತ್ತದೆ. ಆದರೆ ಸಿಕ್ಕಿದ್ದು ಮುಷ್ಟಿ ತುಂಬ ಬೀಜದಷ್ಟೂ ಶಕ್ತಿ ಇಲ್ಲ. ನಾಲ್ಕು ಗಂಟೆಗೆ ತಲೆ ಭಾರ, ಕೈಕಾಲಲ್ಲಿ ಬಲ ಇಲ್ಲ, ಸುಮ್ನೆ ಸಿಡಿಮಿಡಿ. ಕೈ ತಾನಾಗಿ ತಿಂಡಿ ಡಬ್ಬಕ್ಕೆ ಹೋಗುತ್ತದೆ. ಒಂದು ಪ್ಯಾಕೆಟ್ ಖಾಲಿ ಆಗುತ್ತದೆ. ರಾತ್ರಿ ಪಶ್ಚಾತ್ತಾಪ. "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ತನ್ನನ್ನೇ ಬೈದುಕೊಳ್ಳುವುದು. ಮಾರನೇ ದಿನ ಬಟ್ಟಲು ಇನ್ನೂ ಸಣ್ಣದು.

ಇಲ್ಲಿ ಮನಸ್ಸಿನ ತಪ್ಪು ಏನೂ ಇಲ್ಲ. ಮಧ್ಯಾಹ್ನ ಊಟ ಸಾಲಲಿಲ್ಲ, ಅಷ್ಟೇ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. "ಅಷ್ಟೊಂದು ತಿಂದರೆ ದಪ್ಪ ಆಗಲ್ವಾ?" ಅನ್ನುತ್ತಾರೆ.

ಇಂಥವರಿಗೆ ನಾನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಬಗ್ಗೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಸಮಯ, 1944-45. ಯುದ್ಧ ಮುಗಿದ ಮೇಲೆ ಹಸಿದ ಜನರನ್ನು ಮತ್ತೆ ಹೇಗೆ ಚೇತರಿಸುವುದು ಅಂತ ತಿಳಿಯಲು ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಯುವಕರನ್ನು ಆರಿಸಿಕೊಂಡರು. ಎಲ್ಲರೂ ಯುದ್ಧ ಮಾಡಲು ಒಪ್ಪದೆ, ಬದಲಿಗೆ ಈ ಸೇವೆಗೆ ತಾವಾಗಿ ಮುಂದೆ ಬಂದವರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಹುಡುಕಿ ತೆಗೆದುಕೊಂಡಿದ್ದರು. ಅವರಿಗೆ 24 ವಾರ ಕಡಿಮೆ ಊಟ ಕೊಟ್ಟರು, ಸರಾಸರಿ ದಿನಕ್ಕೆ ಸುಮಾರು 1570 ಕ್ಯಾಲೊರಿ. ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ನಡೆಸಿದರು. ಊಟ ಏನು ಗೊತ್ತಾ? ಹೆಚ್ಚಾಗಿ ಆಲೂಗಡ್ಡೆ, ಟರ್ನಿಪ್, ಬ್ರೆಡ್, ಮ್ಯಾಕರೋನಿ. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಅವರ ತಲೆಯೊಳಗೆ ಆದದ್ದು. ಹಗಲು-ರಾತ್ರಿ ಊಟದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡು ಓದಿದರು. ತಟ್ಟೆ ನೆಕ್ಕಿದರು. ಬೇರೆ ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ತೀರಲಿಲ್ಲ ಅಂದರು.

ಆ 1570 ಅನ್ನುವ ಅಂಕಿಯನ್ನು ಇನ್ನೊಮ್ಮೆ ನೋಡಿ. ಇವತ್ತು ಎಷ್ಟೋ ಡಯಟ್ ಪಟ್ಟಿಗಳು "ಆರಾಮವಾಗಿ ತೂಕ ಇಳಿಸಿ" ಅಂತ ಇದಕ್ಕಿಂತ ಕಡಿಮೆ ಕೊಡುತ್ತವೆ. ಆ ಯುವಕರದು ಬೇರೆ ಮೈಕಟ್ಟು, ಅವರಿಗೆ ಬೇಕಾದದ್ದು ಜಾಸ್ತಿ, ಒಪ್ಪುತ್ತೇನೆ. ಆದರೂ ಅಷ್ಟು ಗಟ್ಟಿಗರಿಗೇ ಹಾಗಾದರೆ, ದಿನವಿಡೀ ಕೆಲಸ ಮಾಡಿಕೊಂಡು ಅರ್ಧ ಹೊಟ್ಟೆಯಲ್ಲಿರುವವರು ರಾತ್ರಿ ಡಬ್ಬ ತೆಗೆದರೆ ಅದು ಚಟ ಹೇಗಾಗುತ್ತದೆ? ಮೈ ತನ್ನ ಪಾಲು ಕೇಳುತ್ತಿದೆ. 2011ರಲ್ಲಿ ಪ್ರಕಟವಾದ ಒಂದು ಆಸ್ಟ್ರೇಲಿಯನ್ ಅಧ್ಯಯನದಲ್ಲಿ, ತುಂಬಾ ಕಡಿಮೆ ತಿಂದು ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ನೋಡಿದರು. ಹಸಿವು ಹೆಚ್ಚಿಸುವ ಹಾರ್ಮೋನು ಆಗಲೂ ಮೊದಲಿಗಿಂತ ಮೇಲೇ ಇತ್ತು. ಹೊಟ್ಟೆ ತುಂಬಿತು ಅಂತ ತಿಳಿಸುವ ಹಾರ್ಮೋನುಗಳು ಕೆಳಗೇ ಇದ್ದವು. ಒಂದು ವರ್ಷ ಆದರೂ!

ಈಗ ನನಗೆ ತುಂಬಾ ಭರವಸೆ ಕೊಟ್ಟ ವಿಷಯಕ್ಕೆ ಬರುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ತಂಡ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಊಟ, ಎರಡು ವಾರ ಸಾದಾ ಸಾಮಾನಿನಿಂದ ಮಾಡಿದ ಊಟ. ಎರಡರಲ್ಲೂ ಮುಂದಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. 2019ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಪ್ಯಾಕೆಟ್ ಊಟದ ದಿನಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. 2021ರಲ್ಲಿ ಇದೇ ತಂಡ ಕಡಿಮೆ ಕೊಬ್ಬಿನ ಸಸ್ಯಮೂಲದ ಊಟವನ್ನೂ, ಹೆಚ್ಚು ಕೊಬ್ಬಿನ, ಪ್ರಾಣಿಮೂಲದ ಕೀಟೊ ಊಟವನ್ನೂ (ಕಾರ್ಬೋಹೈಡ್ರೇಟ್ ತುಂಬಾ ಕಡಿಮೆ ಇರುವ ಊಟ) ಹೋಲಿಸಿತು. ಸಸ್ಯಮೂಲದ ಊಟದಲ್ಲಿ ಜನ ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು. ಹಸಿವಿನಲ್ಲೂ ರುಚಿಯಲ್ಲೂ ವ್ಯತ್ಯಾಸ ಕಂಡೆವು ಅಂತ ತಿಂದವರು ಹೇಳಲಿಲ್ಲ. ಯಾರೂ ಎಣಿಸಲಿಲ್ಲ, ತೂಗಲಿಲ್ಲ, ಬಾಯಿ ಕಟ್ಟಲಿಲ್ಲ.

ಇದನ್ನು ಓದಿ "ಹಾಗಾದ್ರೆ ತೂಕ ಇಳಿಸೋಕೆ ಇದೇ ಒಳ್ಳೇ ದಾರಿ" ಅಂತ ಹಿಗ್ಗಬೇಡಿ ದಯವಿಟ್ಟು. ಇವು ಎರಡೆರಡು ವಾರದ ಪ್ರಯೋಗಗಳು. ನಾನು ಇದರಿಂದ ತಗೊಂಡದ್ದು ಬೇರೆ. ಇಡೀ ಧಾನ್ಯ, ಕಾಳು, ತರಕಾರಿ ತಿನ್ನುವಾಗ ನಮ್ಮ ಹಸಿವನ್ನು ನಂಬಬಹುದು. ಅಗಿಯಲು ಹೊತ್ತು ಬೇಕು, ನಿಧಾನವಾಗಿ ಇಳಿಯುತ್ತದೆ, ನಾರು ಹೊಟ್ಟೆಯಲ್ಲಿ ನಿಲ್ಲುತ್ತದೆ, ಸಾಕು ಅನ್ನುವ ಸೂಚನೆ ತಲುಪಲು ಸಮಯ ಸಿಗುತ್ತದೆ. ಕಾವಲು ಬೇಕಿಲ್ಲದ ಊಟ ಇದು. ಇಂಥ ಊಟಕ್ಕೂ ಕಾವಲು ಕೂರಿಸುತ್ತೀವಲ್ಲ, ಅದೇ ನನ್ನ ನೋವು. ತೂಕ ಇಳಿಯಬಹುದು, ಇಳಿಯದೆಯೂ ಇರಬಹುದು. ಇಳಿಯದಿದ್ದರೆ ಕಾಳಿನಲ್ಲಿದ್ದ ನಾರು ಮಾಯ ಆಗುತ್ತಾ? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ, 25 ಗ್ರಾಂ ನಾರು ಇರಲಿ ಅಂತ ಹೇಳಿತು. ಅದು ಎಲ್ಲಾ ಮೈಕಟ್ಟಿನವರಿಗೂ ಅನ್ವಯ.

ಇನ್ನೊಂದು ರೋಗ ಇದೆ. "ಹೇಗೂ ಇವತ್ತು ಕೆಟ್ಟೋಯ್ತು" ಅನ್ನುವುದು. ಯಾರದೋ ಹುಟ್ಟುಹಬ್ಬದಲ್ಲಿ ಒಂದು ತುಂಡು ಕೇಕ್ ತಿಂದಿರುತ್ತಾರೆ. ಕೇಕಿನಿಂದ ಏನೂ ಆಗಿರುವುದಿಲ್ಲ. ಆದರೆ ಆ ತುಂಡು ಮುಗಿದ ಕ್ಷಣದಿಂದ ಇಡೀ ದಿನ ಹಾಳಾಯ್ತು ಅನ್ನಿಸುತ್ತದೆ. ಹಾಳಾದ ಮೇಲೆ ಇನ್ನೇನು, ಕರಿದದ್ದೂ ಇರಲಿ, ಐಸ್‌ಕ್ರೀಮೂ ಇರಲಿ, ನಾಳೆಯಿಂದ ಕಟ್ಟುನಿಟ್ಟು. 1975ರಲ್ಲೇ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಅನ್ನುವ ಸಂಶೋಧಕರು ಇದನ್ನು ತೋರಿಸಿದ್ದರು. ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡಿ ಅಂತ ಐಸ್‌ಕ್ರೀಮ್ ಕೊಟ್ಟರು. ಬಾಯಿ ಕಟ್ಟುವ ಅಭ್ಯಾಸ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಬಾಯಿ ಕಟ್ಟುವವರು ಜಾಸ್ತಿ ತಿಂದರು. ನಿಯಮ ಮುರಿದ ಮೇಲೆ ತಡೆಯಲು ಏನೂ ಉಳಿದಿರಲಿಲ್ಲ. ನಿಯಮವೇ ಇಲ್ಲದವಳಿಗೆ ಕೇಕ್ ಬರೀ ಕೇಕ್. ತಿಂದಳು, ಚೆನ್ನಾಗಿತ್ತು, ರಾತ್ರಿ ಎಂದಿನ ಬೇಳೆ, ಎಂದಿನ ಸೊಪ್ಪು.

ಇಲ್ಲಿ ಒಂದು ಮಾತು. ಪ್ರಾಣಿಗಳ ಮೇಲಿನ ಕಾಳಜಿಯಿಂದ ಕೆಲವನ್ನು ತಿನ್ನದೇ ಇರುವವರು ಇದ್ದಾರೆ. ಅದನ್ನು ಡಯಟ್ ಮನಸ್ಥಿತಿ ಅನ್ನಬಾರದು. ಅದು ಅವರ ಬದುಕಿನ ನಂಬಿಕೆ. ಎರಡನ್ನೂ ಬೇರೆ ಮಾಡುವುದು ಹೇಗೆ ಅಂತ ಕೇಳಿದರೆ ನಾನು ಹೇಳುವುದು ಇಷ್ಟು: ಅದನ್ನು ಬಿಟ್ಟಾಗ ನಿಮಗೆ ನೆಮ್ಮದಿ ಇದೆಯಾ, ಇಲ್ಲಾ ಹೆದರಿಕೆ ಇದೆಯಾ? ನಂಬಿಕೆಯಿಂದ ಬಿಟ್ಟದ್ದು ಕನಸಲ್ಲಿ ಬಂದು ಕಾಡುವುದಿಲ್ಲ.

ನಿಯಮಗಳು ಒಂದಕ್ಕೊಂದು ಸೇರಿಕೊಳ್ಳುವ ರೀತಿ ನೋಡಿದರೆ ಗಾಬರಿ ಆಗುತ್ತದೆ. ಮೊದಲು ಪ್ಯಾಕೆಟ್ ತಿಂಡಿ ಬೇಡ. ಸರಿ. ಆಮೇಲೆ ಎಣ್ಣೆ ಒಂದು ಹನಿಯೂ ಬೇಡ. ಆಮೇಲೆ ಉಪ್ಪು ಬೇಡ. ಬೀಜ ಬೇಡ. ಹಣ್ಣು ಮಧ್ಯಾಹ್ನದ ಒಳಗೆ ಮಾತ್ರ. ಕೊನೆಗೆ ಬೇರೆಯವರ ಮನೆಯಲ್ಲಿ ಊಟಕ್ಕೆ ಕೂರುವುದೇ ಬೇಡ. 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಅನ್ನುವ ಅಮೆರಿಕದ ವೈದ್ಯರು ಇದಕ್ಕೆ ಆರ್ಥೊರೆಕ್ಸಿಯಾ ಅಂತ ಹೆಸರಿಟ್ಟರು, ಅಂದರೆ ಶುದ್ಧ ಊಟದ ಗೀಳು. ಅವರೇ ಅದನ್ನು ಅನುಭವಿಸಿ ಹೊರಬಂದವರು. ವೈದ್ಯರು ಯಾರಿಗಾದರೂ ಎಣ್ಣೆ, ಉಪ್ಪು ಕಡಿಮೆ ಮಾಡಿ ಅಂದಿದ್ದರೆ ಅದು ಬೇರೆ ವಿಷಯ, ಅದನ್ನು ಪಾಲಿಸಿ. ಆದರೆ ಆರೋಗ್ಯವಾಗಿರುವವರು ಎಳ್ಳು, ಕಡಲೆಕಾಯಿ, ಬಾದಾಮಿಗೆ ಹೆದರುವುದರಲ್ಲಿ ಅರ್ಥ ಇಲ್ಲ. ಕ್ಯಾರೆಟ್, ಸೊಪ್ಪಿನಲ್ಲಿರುವ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಕೊಬ್ಬು ಬೇಕು. ಇ, ಕೆ ವಿಟಮಿನ್‌ಗಳಿಗೂ ಅಷ್ಟೇ.

ಡಯಟ್ ಬಿಡಿ ಅಂದರೆ ಮೈಯ ಕಡೆ ಗಮನ ಬಿಡಿ ಅಂತ ಅರ್ಥ ಅಲ್ಲ. ಹಾಲು, ಮೊಟ್ಟೆ, ಮಾಂಸ ಏನೂ ಇಲ್ಲದವರು ಬಿ12 ಮಾತ್ರೆ ತಗೊಳ್ಳಲೇಬೇಕು. ಗಿಡಗಳಿಂದ ಅದು ನೆಚ್ಚುವಷ್ಟು ಸಿಗುವುದಿಲ್ಲ, ಕಡಿಮೆಯಾದರೆ ನರಗಳಿಗೆ ಪೆಟ್ಟು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ.

ಶುರು ಎಲ್ಲಿಂದ ಅಂತ ಕೇಳುವವರಿಗೆ: ಬೆಳಗಿನ ಊಟದಿಂದ. ಗಟ್ಟಿಯಾಗಿ ತಿನ್ನಿ, ಧಾನ್ಯವೂ ಇರಲಿ, ಕಾಳೂ ಇರಲಿ. ಮಧ್ಯಾಹ್ನ ಸೊಪ್ಪಿನ ಬಟ್ಟಲಿಗೆ ಒಂದು ಸೌಟು ಕಾಳು ಹಾಕುವ ಕಡೆ ಮೂರು ಸೌಟು ಹಾಕಿ, ಗೆಣಸೋ ಅನ್ನವೋ ಜೊತೆಗಿರಲಿ, ಮೇಲೆ ಬೀಜ ಉದುರಿಸಿ, ಎಣಿಸದೆ. ಕಾಳು ಹೆಚ್ಚು ತಿಂದು ಅಭ್ಯಾಸ ಇಲ್ಲದವರು ವಾರಗಟ್ಟಲೆ ಸಮಯ ತಗೊಂಡು ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡನೇ ಸಲ ಬಡಿಸಿಕೊಳ್ಳುವಾಗ ಒಳಗಿಂದ ಒಂದು ದನಿ ಬರುತ್ತದೆ, "ಮತ್ತೆ ಬೇಕಾ?" ಅಂತ. ಹಸಿವಿದ್ದರೆ ಹೌದು, ಬೇಕು. ಮೊದಮೊದಲು ಜಾಸ್ತಿಯೇ ತಿನ್ನುತ್ತೀರಿ. ವರ್ಷಗಟ್ಟಲೆ ಅರೆಹೊಟ್ಟೆ ಇದ್ದವರಿಗೆ ಅದು ಸಹಜ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ. ಕ್ಯಾಲೊರಿ ಎಣಿಸುವ ಆ್ಯಪ್ ತೆಗೆದುಹಾಕಿ.

ಮತ್ತೆ, ಅಕ್ಕಪಕ್ಕದಲ್ಲಿರುವವರಿಗೆ ಒಂದು ಬೇಡಿಕೆ. ಯಾರಾದರೂ ಊಟ ಬದಲಿಸಿಕೊಂಡಿದ್ದರೆ "ಸಣ್ಣ ಆಗಿದೀಯ, ಏನ್ ಮಾಡ್ದೆ?" ಅಂತ ಕೇಳಬೇಡಿ. "ಇಷ್ಟೆಲ್ಲ ಮಾಡಿನೂ ಹಾಗೇ ಇದೀಯಲ್ಲ" ಅಂತಲೂ ಅನ್ನಬೇಡಿ. ಮೊದಲನೆಯದು ಹೊಗಳಿಕೆ ಅಂತ ನಿಮಗೆ ಅನ್ನಿಸಬಹುದು, ಕೇಳಿದವರು ಅದನ್ನು ಉಳಿಸಿಕೊಳ್ಳಲು ಮಾರನೇ ದಿನ ಒಂದು ಹೊತ್ತಿನ ಊಟ ಬಿಡುತ್ತಾರೆ. ಮಕ್ಕಳ ಮುಂದೆ ಅಂತೂ ಬೇಡವೇ ಬೇಡ. ಊಟ ಬಿಡುವುದು, ಕದ್ದು ತಿನ್ನುವುದು, ತಿಂದದ್ದನ್ನು ವಾಂತಿ ಮಾಡುವುದು, ಇವು ಯಾರಲ್ಲಾದರೂ ಕಂಡರೆ ನನ್ನಂಥವಳ ಬರಹ ಸಾಲುವುದಿಲ್ಲ. ಜೊತೆಗೆ ನಿಂತು ವೈದ್ಯರ ಹತ್ತಿರ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೇಗ ಹೋದಷ್ಟೂ ಒಳ್ಳೆಯದು.