ನಾಲ್ಕು ಗಂಟೆ ನಿದ್ದೆಗೆ ದೇಹ ಒಗ್ಗಿಕೊಳ್ಳುತ್ತಾ? ಸತ್ಯಾಂಶ ಇಲ್ಲಿದೆ

"ದಿನಕ್ಕೆ 4 ಗಂಟೆ ಮಲಗಿದರೆ ಸಾಕು, ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ" ಅನ್ನೋ ಮೆಸೇಜ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ತಪ್ಪು.

ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರೋಗ್ಯವಂತರನ್ನು 14 ದಿನ, ರಾತ್ರಿಗೆ 4 ಅಥವಾ 6 ಗಂಟೆ ಮಾತ್ರ ಮಲಗಲು ಬಿಟ್ಟರು. ಅವರ ಗಮನ ಮತ್ತು ನೆನಪಿನ ಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು, 6 ಗಂಟೆ ಮಲಗಿದವರು ಕೂಡ ಕೊನೆಗೆ ಇಡೀ ರಾತ್ರಿ ನಿದ್ದೆಗೆಟ್ಟವರಷ್ಟೇ ಮಂಕಾಗಿದ್ದರು, ಆದರೆ ಕೇಳಿದಾಗ ಮಾತ್ರ ಸ್ವಲ್ಪ ತೂಕಡಿಕೆ ಅಷ್ಟೇ ಅನ್ನುತ್ತಿದ್ದರು. ನನಗೆ ಭಯ ಹುಟ್ಟಿಸೋದು ಇದೇ. "ನಂಗೇನೂ ಆಗಿಲ್ಲ" ಅಂದುಕೊಂಡೇ ಗಾಡಿ ಓಡಿಸುತ್ತೇವೆ ಅಲ್ವಾ?

ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ಹದಿಹರೆಯದವರಿಗೆ ಇನ್ನೂ ಜಾಸ್ತಿ, 8ರಿಂದ 10. ವಯಸ್ಸಾದವರಿಗೆ ಕಡಿಮೆ ಸಾಕು ಅನ್ನುವುದೂ ಸರಿಯಲ್ಲ: 65 ದಾಟಿದವರಿಗೂ 7ರಿಂದ 8 ಗಂಟೆ ಬೇಕು, ಅವರ ನಿದ್ದೆ ಹಗುರವಾಗಿ ನಡುನಡುವೆ ಎಚ್ಚರವಾಗುತ್ತದೆ, ಅಷ್ಟೇ.

ಕಡಿಮೆ ನಿದ್ದೆಯಲ್ಲೂ ಚೆನ್ನಾಗಿರುವ ಕೆಲವರು ಇದ್ದಾರೆ, ನಿಜ. ಅದು ಹುಟ್ಟಿನಿಂದಲೇ ಬರುವ, ತೀರಾ ಅಪರೂಪದ ಜೀನ್ ವ್ಯತ್ಯಾಸ. ಅಭ್ಯಾಸದಿಂದ ಬರುವಂಥದ್ದಲ್ಲ.